ನಾನು ಹರಿದ ಸಾವಿನ ಕಾರ್ಡು

ಕಾಗದದ ಕೋಣೆಯಲ್ಲಿ ಮೊದಲು ಕಲಿಯಬೇಕಾದ ಕೆಲಸ ಕೈ ಒರೆಸಿಕೊಳ್ಳುವುದು. ಓದುವುದು ಆಮೇಲೆ. ಹೊಸಪೇಟೆಯ ಬೇಸಿಗೆಯಲ್ಲಿ ಸುಮ್ಮನೆ ಕೂತರೂ ಅಂಗೈ ಬೆವರುತ್ತದೆ. ಬೆವರಿದ ಬೆರಳನ್ನು ಹಳೆಯ ಮಸಿಯ ಮೇಲೆ ಇಟ್ಟರೆ ಅಕ್ಷರ ಕಾಗದ ಬಿಟ್ಟು ಬೆರಳಿಗೆ ಬರುತ್ತದೆ. ನಮ್ಮ ಗ್ರಂಥಾಲಯದ ದಾಖಲೆ ಕೋಣೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದರು. ಅಲ್ಲಿ ಮೂವತ್ತು ವರ್ಷ ನಾನು ಏನು ಮಾಡಿದೆ ಎಂಬುದನ್ನು ಬರೆದುಕೊಡಬೇಕೆಂದು ಕೇಳಿದರು. ಏಳನೇ ಇಯತ್ತೆ ದಾಟದವನು ನಾನು, ಒಪ್ಪಿಕೊಳ್ಳಲು ಎರಡು ದಿನ ಹಿಡಿಯಿತು. ಕೊನೆಗೆ ಒಪ್ಪಿದ್ದಕ್ಕೆ ಕಾರಣ ಒಂದೇ. ಅಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಒಂದು ನನ್ನ ಸ್ವಂತ ಅಕ್ಕನ ಬದುಕಿಗೆ ತಾಗಿತು. ಅದನ್ನು ಇನ್ನೊಬ್ಬರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳಲಿ ಎನಿಸಿತು.

ನಮ್ಮ ಊರು ಕಮಲಾಪುರ. ಅಪ್ಪ ಬಾಳೆ ಹಾಕುತ್ತಿದ್ದ. ಅಕ್ಕ ನೀಲಮ್ಮ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಓದಿ ಹೊಸಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಟೀಚರಾದಳು. ನನ್ನನ್ನು ಯಾರೂ ಶಾಲೆ ಬಿಡಿಸಲಿಲ್ಲ. ಲೆಕ್ಕದ ಮಾಸ್ತರರಿಗೆ ಹೆದರಿ ನಾನೇ ಬಿಟ್ಟೆ. ವರ್ಷಾನುಗಟ್ಟಲೆ ತೋಟದಲ್ಲಿ ಅಲೆದಾಡಿದವನನ್ನು ಅಕ್ಕ ಕರೆತಂದು ಬಸ್ ಸ್ಟ್ಯಾಂಡಿನ ಹತ್ತಿರದ ಬೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಹಚ್ಚಿದಳು. ಸಂಜೆ ತನ್ನ ಮನೆಯಲ್ಲಿ ಕೂರಿಸಿಕೊಂಡು ಹಳೆಯ ಕೈಬರಹ ಓದುವುದನ್ನು ಕಲಿಸಿದಳು. ಒಬ್ಬೊಬ್ಬರು 'ಕ' ಬರೆಯುವುದು ಒಂದೊಂದು ಥರ. ಒಬ್ಬರ ಕಾಗದ ಓದುವ ಮೊದಲು ಅವರ 'ಕ' ಯಾವುದೆಂದು ಹುಡುಕು ಎನ್ನುತ್ತಿದ್ದಳು. ಆ ವಿದ್ಯೆಯಿಂದಲೇ ನಾನು ಗ್ರಂಥಾಲಯದ ಬೈಂಡರ್ ಆದೆ, ಆಮೇಲೆ ದಾಖಲೆ ಕೋಣೆಗೆ ಹೋದೆ.

ಕೋಣೆಗೆ ಮುಖ್ಯಸ್ಥರು ಶೇಖರಗೌಡರು. ಬೈಂಡರನಿಗೆ ಅಂಚು ಸಮನಾಗಿರಬೇಕು, ಇಲ್ಲದಿದ್ದರೆ ಕೈ ತುರಿಸುತ್ತದೆ. ಮೊದಲ ವಾರವೇ ನಾನು ಯಾರದೋ ಮನೆಯ ಪತ್ರಗಳ ಕಟ್ಟನ್ನು ಕಟಿಂಗ್ ಮಷೀನಿಗೆ ಕೊಟ್ಟು ನಾಲ್ಕೂ ಬದಿ ಚೊಕ್ಕವಾಗಿ ಕತ್ತರಿಸಿದೆ. ಅಂಚಿನಲ್ಲಿ ಸೀಸದಕಡ್ಡಿಯಿಂದ ಬರೆದ ಟಿಪ್ಪಣಿಗಳೆಲ್ಲ ಕಸದ ಬುಟ್ಟಿಗೆ ಹೋದವು. ಗೌಡರು ಬಂದು ನೋಡಿ, "ಪಂಪಾಪತಿ, ಇಲ್ಲಿ ಕ್ಷೌರದಂಗಡಿ ಇಟ್ಟೀಯೇನು?" ಎಂದರು. ಬೈಯಲಿಲ್ಲ. ಬುಟ್ಟಿಯನ್ನು ಮೇಜಿನ ಮೇಲೆ ಸುರಿದು, ಒಂದೊಂದು ಪಟ್ಟಿಯೂ ಯಾವ ಹಾಳೆಯದೆಂದು ಹೊಂದಿಸು ಎಂದು ಹೇಳಿ ಹೋದರು. ಹನ್ನೆರಡು ದಿನ ಹಿಡಿಯಿತು. ಅಷ್ಟರಲ್ಲಿ ನನಗೆ ಆ ಮನೆಯವರ ಮೂರು ತಲೆಮಾರು ಗೊತ್ತಾಗಿತ್ತು.

ಇನ್ನೊಂದು ಸಲ ಸಂಡೂರಿನಿಂದ ಒಬ್ಬ ಶಾಲಾ ಮಾಸ್ತರರ ಪೆಟ್ಟಿಗೆ ಬಂತು. ಅದಿರಿನ ಲಾರಿ ಓಡಾಡುವ ದಾರಿಯ ಪಕ್ಕದ ಮನೆ. ಕಾಗದದ ಮೇಲೆಲ್ಲ ಕೆಂಪು ಧೂಳು. ಒದ್ದೆ ಬಟ್ಟೆಯಿಂದ ಒರೆಸಿದೆ. ಧೂಳು ಕೆಸರಾಗಿ ಅಕ್ಷರದೊಳಗೇ ಇಳಿಯಿತು. ಅವತ್ತಿನಿಂದ ನನ್ನ ಮೇಜಿನ ಮೇಲೆ ಗಡ್ಡ ಮಾಡುವ ಕುಂಚ ಇತ್ತು. ಒಣಗಿದ ಮೆತ್ತನೆ ಕುಂಚದಷ್ಟು ಒಳ್ಳೆಯ ಉಪಕರಣ ಆ ಕೋಣೆಯಲ್ಲಿ ಇನ್ನೊಂದಿಲ್ಲ. ಈಗ ಸ್ಕ್ಯಾನರ್ ಬಂದಿದೆ, ಗುಂಡುಪಿನ್ನಿನ ಬದಲು ದಾರ ಬಂದಿದೆ, ಮೈಲುತುತ್ತ ಕಲಸಿದ ಮೈದಾ ಅಂಟು ಹೋಗಿದೆ. ಕುಂಚ ಮಾತ್ರ ಇದೆ.

ಇಂಥ ತಪ್ಪುಗಳನ್ನು ನಗುತ್ತ ಹೇಳಬಹುದು. ಮುಂದಿನದು ಹಾಗಲ್ಲ.

ಅಕ್ಕ ಮದುವೆಯಾಗಲಿಲ್ಲ. ರಜೆಯ ದಿನಗಳನ್ನೆಲ್ಲ ಒಂದು ಪುಸ್ತಕಕ್ಕೆ ಕೊಟ್ಟಳು. ಕಂಪ್ಲಿಯ ರುದ್ರಮುನಿ ಮಾಸ್ತರರೆಂದು ಕಂಪನಿ ನಾಟಕ ಬರೆಯುತ್ತಿದ್ದವರು ಒಬ್ಬರಿದ್ದರು. ಅವರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಜೀವನಚರಿತ್ರೆಗಾಗಿ ಅಕ್ಕ ಒಂಬತ್ತು ವರ್ಷ ಭಾನುವಾರ ಭಾನುವಾರ ಬಸ್ಸು ಹತ್ತಿದಳು. ಕಂಪ್ಲಿ, ಸಂಡೂರು, ಬುಕ್ಕಸಾಗರ, ಎಲ್ಲಿ ಹಳೆಯ ನಟರು ಉಳಿದಿದ್ದರೋ ಅಲ್ಲಿಗೆಲ್ಲ. ಅವಳದೊಂದು ಪದ್ಧತಿ ಇತ್ತು. ಒಂದು ಸಂಗತಿಯನ್ನು ಒಬ್ಬರಿಂದ ಮೂರು ಬೇರೆ ಬೇರೆ ದಿನ ಕೇಳುವುದು. ಮೂರು ಸಲವೂ ಒಂದೇ ಮಾತು ಬಂದರೆ ಪುಸ್ತಕಕ್ಕೆ, ಇಲ್ಲದಿದ್ದರೆ ಡಬ್ಬಿಗೆ. ಪ್ರತಿ ಚೀಟಿಯ ಮೇಲೆ ಯಾರು ಹೇಳಿದರು, ಎಲ್ಲಿ ಕೂತು ಹೇಳಿದರು, ಪಕ್ಕದಲ್ಲಿ ಇನ್ಯಾರಿದ್ದರು ಎಂದು ಬರೆಯುತ್ತಿದ್ದಳು. ಮಗ ಎದುರಿಗಿದ್ದಾಗ ಒಂದು ಹೇಳುತ್ತಾರೆ, ಅವನು ಎದ್ದು ಹೋದ ಮೇಲೆ ಇನ್ನೊಂದು ಹೇಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಪುಸ್ತಕ ಬಂತು, ಹೆಸರೂ ಬಂತು. ಅದರ ಕೊನೆಯ ಅಧ್ಯಾಯವನ್ನು ಜನ ಹೆಚ್ಚು ಮಾತಾಡಿಕೊಂಡರು. ಮಾಸ್ತರರು ಕಂಪ್ಲಿಯ ತಮ್ಮ ಮನೆಯಲ್ಲಿ ತೀರಿಕೊಂಡರೆಂದೇ ಎಲ್ಲರೂ ತಿಳಿದಿದ್ದರು. ಅಕ್ಕ ಬರೆದದ್ದು ಬೇರೆ. ಅವರು ಸಂಡೂರಿನಲ್ಲಿ, ಕಂಪನಿಯ ನಟಿ ಹೊನ್ನೂರಮ್ಮನ ಮನೆಯಲ್ಲಿ ಪ್ರಾಣ ಬಿಟ್ಟರು, ಕೊನೆಯ ನೀರು ಬಿಟ್ಟವಳು ಅವಳೇ, ಮನೆಯವರು ಬಂದು ದೇಹವನ್ನಷ್ಟೇ ಕಂಪ್ಲಿಗೆ ಒಯ್ದರು ಎಂದು. ಅದಕ್ಕೆ ಆಧಾರ ಒಂದು ಪೋಸ್ಟ್ ಕಾರ್ಡು. ಮಾಸ್ತರರು ಸತ್ತ ವಾರವೇ ಹೊನ್ನೂರಮ್ಮ ಯಾರಿಂದಲೋ ಬರೆಸಿ ಬುಕ್ಕಸಾಗರದಲ್ಲಿದ್ದ ಕಂಪನಿಯ ಹಾರ್ಮೋನಿಯಂ ಹುಸೇನಪ್ಪನಿಗೆ ಹಾಕಿದ್ದು.

ನಮ್ಮ ಕಡೆ ಸಾವಿನ ಸುದ್ದಿಯ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹೊಸ್ತಿಲ ಹೊರಗೆ ನಿಂತು ಒಮ್ಮೆ ಓದಬೇಕು, ಹರಿದು ಒಗೆಯಬೇಕು, ಮೈ ತೊಳೆದುಕೊಂಡು ಒಳಗೆ ಬರಬೇಕು. ಏನಿಲ್ಲವೆಂದರೂ ಒಂದು ಮೂಲೆಯನ್ನಾದರೂ ಹರಿಯಬೇಕು. ಹುಸೇನಪ್ಪ ಅದನ್ನು ಪೂರ್ತಿ ಹರಿಯಲಾರದೆ ಮೂಲೆಯೊಂದನ್ನು ಮಾತ್ರ ಹರಿದು, ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಇಟ್ಟಿದ್ದನಂತೆ. ಅಕ್ಕ ಮೊದಲು ಅವನೆದುರು ಕೂತು ಅವಸರದಲ್ಲಿ ನಕಲು ಮಾಡಿಕೊಂಡಳು. ಕೆಲವು ವರ್ಷದ ಮೇಲೆ ಅವನೇ ಕರೆದು ಕಾರ್ಡನ್ನು ಕೊಟ್ಟುಬಿಟ್ಟ.

ನಿವೃತ್ತಿಯಾಗುವ ವರ್ಷ ಅಕ್ಕ ತನ್ನ ಕಾಗದಗಳನ್ನೆಲ್ಲ ನಮ್ಮ ಗ್ರಂಥಾಲಯಕ್ಕೆ ಕೊಟ್ಟಳು. ಇಪ್ಪತ್ತೇಳು ರಟ್ಟಿನ ಡಬ್ಬಿಗಳು. ಪತ್ರಗಳು, ಚೀಟಿಗಳು, ನಾಟಕದ ಹಸ್ತಪ್ರತಿಗಳು, ಬಸ್ ಟಿಕೆಟ್ಟಿನ ಹಿಂದೆ ಬರೆದ ಟಿಪ್ಪಣಿಗಳು. ಅವಳ ಅಕ್ಷರ ನನಗೆ ಚೆನ್ನಾಗಿ ಗೊತ್ತೆಂದು ಗೌಡರು ಅವನ್ನು ವಿಂಗಡಿಸಿ ಪಟ್ಟಿ ಮಾಡುವ ಕೆಲಸವನ್ನು ನನಗೇ ವಹಿಸಿದರು. ಯಾರು ಭೇಟಿಯಾದರೂ ಅಕ್ಕ, "ನನ್ನ ಕಾಗದ ನನ್ನ ತಮ್ಮನ ಕೈಯಾಗ ಅದಾವು, ನನಗೇನ ಚಿಂತಿ?" ಎನ್ನುತ್ತಿದ್ದಳು.

ಅವಳಿಗೊಂದು ಸನ್ಮಾನ ನಿಗದಿಯಾಗಿತ್ತು. ಅಷ್ಟರೊಳಗೆ ಪಟ್ಟಿ ಮುಗಿಸಿ ಅವಳ ಕೈಗೆ ಕೊಡಬೇಕೆಂಬ ಆಸೆ ನನಗೆ. ಕೋಣೆಯ ಕಾಗದ ಹೊಸ್ತಿಲು ದಾಟಬಾರದೆಂಬುದು ಗೌಡರ ನಿಯಮ. ಅವರು ಬೆಂಗಳೂರಿಗೆ ತರಬೇತಿಗೆ ಹೋಗಿದ್ದಾಗ ನಾನು ಕಟ್ಟುಗಳನ್ನು ಊಟದ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದು ಕೆಲಸ ಮಾಡತೊಡಗಿದೆ. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು, ದಿನ ತುಂಬಿತ್ತು. ಒಂದು ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ಗಂಗಮ್ಮ ಕಾಗದಗಳ ಪಕ್ಕದಲ್ಲೇ ಅಕ್ಕಿ ಹಸನು ಮಾಡುತ್ತ ಕೂತಿದ್ದವಳು ಮೂಲೆ ಹರಿದ ಕಾರ್ಡನ್ನು ಕಂಡಳು. ಅವಳಿಗೆ ಓದು ಬರುವುದಿಲ್ಲ. ಮೂಲೆ ಹರಿದದ್ದರ ಅರ್ಥ ಗೊತ್ತಾಗಲು ಓದು ಬೇಕಿಲ್ಲ.

"ಬಸುರಿ ಹುಡುಗಿ ಇರೋ ಮನ್ಯಾಗ ಇದನ್ನ ತಂದಿಟ್ಟೀರಲ್ಲ," ಎಂದಳು. ಎದ್ದು ಮಗಳು ಮಲಗಿದ್ದ ಕೋಣೆಯ ಬಾಗಿಲು ಮುಂದೆ ಮಾಡಿದಳು.

ಅದು ಅರವತ್ತು ವರ್ಷದ ಹಿಂದಿನ ಸಾವು, ನಮಗೆ ಸಂಬಂಧವಿಲ್ಲದ್ದು, ದಾಖಲೆ ಎಂದು ನಾನು ಹೇಳಬಹುದಿತ್ತು. ಚೀಲಕ್ಕೆ ಹಾಕಿ ಆಗಲೇ ಗ್ರಂಥಾಲಯಕ್ಕೆ ಒಯ್ದು ಇಡಬಹುದಿತ್ತು. ಬೀಗದ ಕೈ ನನ್ನ ಹತ್ತಿರವೇ ಇತ್ತು. ಆದರೆ ಅವಳು ಬಾಗಿಲು ಮುಂದೆ ಮಾಡಿದ ರೀತಿ ನೋಡಿ ನನಗೂ ಹೆದರಿಕೆ ಹತ್ತಿತು. ಕಾಲುವೆ ಕಡೆಗೆ ನಡೆದೆ. ದಂಡೆಯ ಮೇಲೆ ನಿಂತು ಪದ್ಧತಿಯಂತೆ ಕಾರ್ಡನ್ನು ಒಮ್ಮೆ ಓದಿದೆ. ನಾಲ್ಕು ತುಂಡು ಮಾಡಿ ನೀರಿಗೆ ಬಿಟ್ಟೆ. ಮನೆಗೆ ಬಂದು ಸ್ನಾನ ಮಾಡಿದೆ. ನಾಲ್ಕನೆಯ ದಿನ ಮೊಮ್ಮಗಳು ಹುಟ್ಟಿದಳು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ನಾನು ಮಾಡಿದ್ದೇ ಸರಿ ಎಂದು ಆಗ ನನಗೆ ಅನ್ನಿಸಿದ್ದೂ ಹೌದು.

ಪಟ್ಟಿಯಲ್ಲಿ ಆ ಕಾರ್ಡನ್ನು ಬರೆಯಲಿಲ್ಲ. ಗೌಡರು ಕೇಳಲಿಲ್ಲ. ಅಕ್ಕ ಪಟ್ಟಿಯನ್ನು ಓದದೆಯೇ, ನನ್ನ ತಮ್ಮ ಮಾಡಿದ್ದು ಎಂದು ಸನ್ಮಾನದ ವೇದಿಕೆಯ ಮೇಲೆ ಎತ್ತಿ ತೋರಿಸಿದಳು.

ಏಳೆಂಟು ವರ್ಷ ಏನೂ ಆಗಲಿಲ್ಲ. ಅಕ್ಕ ಈ ನಡುವೆ ಎರಡನೆಯ ಪುಸ್ತಕಕ್ಕೆ ಕೈ ಹಾಕಿದ್ದಳು. ಅದು ಹೊನ್ನೂರಮ್ಮನ ಬದುಕು. ಮಾಸ್ತರರ ಬಗ್ಗೆ ಬರೆಯುವವರು ಇನ್ನೂ ಸಿಗುತ್ತಾರೆ, ಅವಳ ಬಗ್ಗೆ ತಾನು ಬರೆಯದಿದ್ದರೆ ಯಾರೂ ಇಲ್ಲ ಎನ್ನುತ್ತಿದ್ದಳು. ನನ್ನ ನಿವೃತ್ತಿಗೆ ಒಂದು ವರ್ಷ ಇದ್ದಾಗ ಮಾಸ್ತರರ ಕುಟುಂಬಕ್ಕೆ ಹತ್ತಿರದವರೊಬ್ಬರು ಒಂದು ಪತ್ರಿಕೆಯಲ್ಲಿ ಲೇಖನ ಬರೆದರು. ಸಂಡೂರಿನ ಸಾವು ಲೇಖಕಿಯ ಕಲ್ಪನೆ, ಅಂಥ ಕಾರ್ಡೇ ಇಲ್ಲ, ಇದ್ದರೆ ಮೂಲವನ್ನು ತೋರಿಸಲಿ ಎಂದು.

ಅಕ್ಕನಿಗೆ ಸಿಟ್ಟು ಬರಲಿಲ್ಲ. ತೋರಿಸಿದರಾಯಿತು ಎಂದು ಗ್ರಂಥಾಲಯಕ್ಕೆ ಬಂದಳು. ಮೂರು ದಿನ ನಾನು ಒಂದೊಂದೇ ಡಬ್ಬಿ ತಂದು ಅವಳ ಮುಂದೆ ಇಟ್ಟೆ. ಅವಳು ಒಂದೊಂದೇ ಹಾಳೆ ಎತ್ತಿ ನೋಡಿದಳು. ನಡುನಡುವೆ ನಾನು ಚಹಾ ತರಿಸಿದೆ. ಮೂರನೆಯ ದಿನ ಸಂಜೆ ಕನ್ನಡಕ ತೆಗೆದು, "ಪಂಪಾ, ನಾನು ನಿನಗ ಕೊಟ್ಟೆನೋ ಇಲ್ಲೋ? ಕೊಟ್ಟಂಗ ನೆನಪೈತಿ," ಎಂದಳು. ಡಬ್ಬಿಯಲ್ಲಿ ಇಲ್ಲವಲ್ಲ ಅಕ್ಕ ಎಂದೆ. ಸುಳ್ಳೆನಿಸಿಕೊಳ್ಳದ ಹಾಗೆ ಆಡಿದ ಮಾತು. ಅದು ಸುಳ್ಳಿಗಿಂತ ಕೆಟ್ಟದ್ದೆಂದು ಆಡುತ್ತಿರುವಾಗಲೇ ಗೊತ್ತಿತ್ತು.

ಕೆಲಸ ಹೋಗುವ ಭಯದಿಂದ ಬಾಯಿ ಬಿಡುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ವರ್ಷ ಕಳೆದು ನಿವೃತ್ತಿಯಾದೆ, ಹಾರ ಹಾಕಿ ಕಳಿಸಿದರು. ಕಳೆದುಕೊಳ್ಳಲು ಕೆಲಸವೇ ಉಳಿಯಲಿಲ್ಲ. ಆಗಲೂ ಬಾಯಿ ಬರಲಿಲ್ಲ. ಆಗ ಗೊತ್ತಾಯಿತು, ಭಯ ಇದ್ದದ್ದು ಅಕ್ಕ ನನ್ನ ಬಗ್ಗೆ ಊರಿಗೆಲ್ಲ ಹೇಳುತ್ತಿದ್ದ ಆ ಒಂದು ಮಾತು ಸುಳ್ಳಾಗುತ್ತದೆಂದು.

ಅಷ್ಟರಲ್ಲಿ ಅಕ್ಕ ಬದಲಾಗಿದ್ದಳು. ಕಾರ್ಡನ್ನು ತಾನೇ ಎಲ್ಲೋ ಕಳೆದಿದ್ದೇನೆ ಎಂದುಕೊಂಡವಳು ಬರಬರುತ್ತ, ಅದನ್ನು ನಿಜವಾಗಿ ಕಂಡಿದ್ದೆನೋ ಇಲ್ಲವೋ ಎಂಬಲ್ಲಿಗೆ ಬಂದಿದ್ದಳು. ಗ್ಯಾಸ್ ಆರಿಸಿದ್ದನ್ನು ಗೋಡೆಗೆ ಚೀಟಿ ಹಚ್ಚಿ ಬರೆದಿಡುತ್ತಿದ್ದಳು. ನನಗೆ ತಿಳಿಸದೆ ಬಳ್ಳಾರಿಗೆ ಹೋಗಿ ಮರೆವಿನ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದಳು. ವಯಸ್ಸಿಗೆ ತಕ್ಕಂತೆ ಇದೆ ಎಂದು ಅವರು ಹೇಳಿದ್ದನ್ನು ನಂಬಿರಲಿಲ್ಲ.

ಒಂದು ಮಧ್ಯಾಹ್ನ ಕರೆದಳು. ಹೋದರೆ, ಹೊನ್ನೂರಮ್ಮನ ಪುಸ್ತಕದ ಟಿಪ್ಪಣಿಗಳನ್ನೆಲ್ಲ ಕಟ್ಟಿ ಇಟ್ಟಿದ್ದಾಳೆ.

"ಇವನ್ನೂ ಒಯ್ದು ಅಲ್ಲೇ ಇಟ್ಟುಬಿಡು," ಎಂದಳು. "ಕಾಣದ್ದನ್ನ ಕಂಡೀನಿ ಅಂತ ಬರೆಯೋಳು ನಾನು. ಆಕಿ ಕಥಿ ನಾನು ಬರೆಯಬಾರದು."

ನಾನು ಕಟ್ಟನ್ನು ಮುಟ್ಟಲಿಲ್ಲ. "ಅಕ್ಕ, ನಿನ್ನ ತಲಿ ನೆಟ್ಟಗ ಐತಿ. ಕಾರ್ಡು ನೀನು ಕೊಟ್ಟಿದ್ದಿ. ಹರದಾಂವ ನಾನು," ಎಂದೆ. ಉಳಿದದ್ದನ್ನೆಲ್ಲ ಅಲ್ಲೇ ನಿಂತು ಹೇಳಿದೆ. ಚೀಲ, ಮಗಳು, ಕಾಲುವೆ, ಆ ಮೂರು ದಿನ.

ಅವಳು ಗೋಡೆಯ ಚೀಟಿಗಳತ್ತ ನೋಡಿದಳು. ಆಮೇಲೆ ಎದ್ದು ಒಂದೊಂದಾಗಿ ಕೀಳಲು ಶುರು ಮಾಡಿದಳು. ಅಷ್ಟನ್ನೂ ಕಿತ್ತು ಮುಗಿಸಿ ನನ್ನ ಕಡೆ ತಿರುಗಿದಳು.

"ಎರಡು ವರ್ಷ ನನ್ನ ಹುಚ್ಚಿ ಮಾಡಿ ಕುಂದ್ರಿಸಿದಿ. ಎದುರಿಗೆ ಕೂತು ಚಾ ಬ್ಯಾರೆ ತರಿಸಿದಿ. ನಡಿ ಇಲ್ಲಿಂದ."

ನಡೆದೆ. ಹದಿನೈದು ದಿನ ಅಕ್ಕ ನನ್ನ ಫೋನು ಎತ್ತಲಿಲ್ಲ. ಗಂಗಮ್ಮ ಒಂದು ದಿನ ತಾನೇ ರೊಟ್ಟಿ ಕಟ್ಟಿಕೊಂಡು ಹೋಗಿ, ತಪ್ಪು ತನ್ನದೂ ಇದೆ ಎಂದು ಹೇಳಿ ಬಂದಳು. ಅಕ್ಕ ರೊಟ್ಟಿ ಇಸಕೊಂಡಳಂತೆ, ನನ್ನ ಸುದ್ದಿ ಎತ್ತಲಿಲ್ಲವಂತೆ. ಹದಿನಾರನೆಯ ದಿನ ಅಕ್ಕನೇ ಫೋನು ಮಾಡಿದಳು.

"ನಾಳೆ ಹತ್ತಕ್ಕ ಬಾ. ತಮ್ಮ ಅಂತ ಬರಬ್ಯಾಡ. ಮಾಹಿತಿ ಕೊಡಾಕ ಬಾ."

ಹೋದೆ. ಜಗಲಿಯ ಮೇಲೆ ಚಾಪೆ ಹಾಸಿತ್ತು, ನೋಟ್ ಬುಕ್ಕು ತೆರೆದಿತ್ತು. ನನ್ನನ್ನು ಎದುರಿಗೆ ಕೂರಿಸಿದಳು. "ಹೇಳ್ರಿ ಪಂಪಾಪತಿಯವರ, ಕಾರ್ಡಿನ ಮಸಿ ಎಂಥಾದ್ದಿತ್ತು?" ಎಂದಳು. ಹುಟ್ಟಿದಾಗಿನಿಂದ ನನ್ನನ್ನು ಲೇ ಎಂದವಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ಮುಖದಲ್ಲಿ ಎರಡೂ ಇರಲಿಲ್ಲ. ನೀಲಿ ಮಸಿ ಎಂದೆ. ಬರೆದುಕೊಂಡಳು. ಯಾವ ಮೂಲೆ ಹರಿದಿತ್ತು, ಎಷ್ಟು ಸಾಲು, ಅಕ್ಷರ ಗುಂಡಗಿತ್ತೋ ಬಾಗಿತ್ತೋ, ನಾನು ಎಲ್ಲಿ ನಿಂತು ಓದಿದೆ, ಎಷ್ಟು ಹೊತ್ತು ಓದಿದೆ ಎಂದು ಒಂದೊಂದೇ ಕೇಳಿದಳು. ಮುಗಿದ ಮೇಲೆ, ನಾಳಿದ್ದು ಬರ್ರಿ ಎಂದಳು. ಬಂದಾಗ ಮತ್ತೆ ಅವೇ ಪ್ರಶ್ನೆ. ಅದಾದ ಮೂರು ದಿನಕ್ಕೆ ಇನ್ನೊಮ್ಮೆ.

ಕಲಿತವರು ಕಾಗದವನ್ನು ಸರಸರ ಓದುತ್ತಾರೆ. ನಾನು ಇವತ್ತಿಗೂ ಕೂಡಿಸಿ ಕೂಡಿಸಿ ಓದುವವನು. ಹಾಗೆ ಓದಿದ್ದು ಬೇಗ ಮರೆಯುವುದಿಲ್ಲ. ಮೂರು ಸಲವೂ ನಾನು ಹೇಳಿದ್ದು ಒಂದೇ: "ಮಾಸ್ತರರು ಸೋಮವಾರ ಮುಂಜಾನೆ ನಮ್ಮ ಮನೆಯಲ್ಲಿಯೇ ಹೋದರು. ಕೊನೆಗೆ ನೀರು ನಾನೇ ಬಿಟ್ಟೆ. ಅವರ ಮನೆಯವರು ಬಂದು ಒಯ್ದರು. ನನ್ನನ್ನು ಬಾ ಎನ್ನಲಿಲ್ಲ." ಅಕ್ಕ ತನ್ನ ಹಳೆಯ ನಕಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಲಿಸುತ್ತಿದ್ದಳು. ಅಕ್ಷರಕ್ಕೆ ಅಕ್ಷರ ಕೂಡಿತು. ಆದರೆ ಮೂರನೆಯ ದಿನ ಅವಳು ನನ್ನನ್ನು ತಡೆದು, "ಮೂರೂ ಸಲ ಇನ್ನೊಂದು ಸಾಲು ಹೇಳೀರಿ. ಅದು ನನ್ನ ನಕಲಿನಾಗ ಇಲ್ಲ," ಎಂದಳು.

ಆ ಸಾಲು ಹೀಗಿತ್ತು: "ಕಂಪ್ಲಿ ಮಿಲ್ಲಿಗೂ ಹೀಗೇ ಒಂದು ಹಾಕಿದ್ದೇನೆ, ನೀವು ಹೋಗಿ ಹೇಳುವುದು ಬೇಡ."

ಅದು ಎಲ್ಲಿತ್ತು ಎಂದಳು. ವಿಳಾಸ ಬರೆಯುವ ಬದಿಯಲ್ಲಿ, ಅಂಚಿಗೆ, ಅಡ್ಡಲಾಗಿ ಬರೆದಿತ್ತು, ಕಾರ್ಡು ತಿರುಗಿಸಿ ಹಿಡಿದು ಓದಬೇಕಾಯಿತು ಎಂದೆ. ಅಕ್ಕ ಪೆನ್ನು ಕೆಳಗಿಟ್ಟಳು. ಹುಸೇನಪ್ಪ ಮೊದಲ ದಿನ ಕಾರ್ಡನ್ನು ಕೈಗೆ ಕೊಡದೆ ಹಿಡಿದು ತೋರಿಸಿದ್ದ. ಅವಳು ಎದುರಿನ ಬದಿಯನ್ನಷ್ಟೇ ನಕಲು ಮಾಡಿದ್ದಳು. ಆಮೇಲೆ ಕಾರ್ಡು ಕೈಗೆ ಬಂದಾಗ, ನಕಲು ಇದೆಯಲ್ಲ ಎಂದು ಓದದೆಯೇ ಡಬ್ಬಿಗೆ ಸೇರಿಸಿದ್ದಳು.

ಮಿಲ್ಲು ಯಾವುದೆಂದು ಅಕ್ಕನಿಗೆ ಗೊತ್ತಿತ್ತು. ಕಂಪ್ಲಿಯ ಹಳೆಯ ಅಕ್ಕಿ ಮಿಲ್ಲು. ಮಾಸ್ತರರಿಗೆ ನಾಟಕ ಬರೆಯಲು ಮಾಳಿಗೆ ಬಿಟ್ಟುಕೊಟ್ಟಿದ್ದ ಜನ. ಮರುದಿನವೇ ಬಸ್ಸು ಹತ್ತಿದೆವು. ಕಮಲಾಪುರ ದಾಟುವವರೆಗೆ ಅಕ್ಕ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಬುಕ್ಕಸಾಗರದ ಗದ್ದೆಗಳು ಬಂದಾಗ, "ಇಲ್ಲಿಗೆ ಎಷ್ಟು ಸಲ ಬಂದೀನಿ, ಎಂದೂ ನಿನ್ನ ಕರಕೊಂಡು ಬರಲಿಲ್ಲ ನೋಡು," ಎಂದಳು. ತಿರುಗಿ ಏಕವಚನ ಬಂದದ್ದನ್ನು ನಾನು ಗಮನಿಸಿದೆ.

ಮಿಲ್ಲನ್ನು ಈಗ ನಡೆಸುವವರು ಬಸವರಾಜಪ್ಪ, ಆಗಿನ ಮಾಲೀಕರ ಮೊಮ್ಮಗ. ವಿಷಯ ಕೇಳಿ ಮೊದಲು ನಕ್ಕರು. ಸಾವಿನ ಕಾಗದ ಯಾರಾದರೂ ಇಟ್ಟಿರುತ್ತಾರೆಯೇ ಎಂದರು. ಆಮೇಲೆ ಏನೋ ಹೊಳೆದು, ಹಳೆಯ ಆಫೀಸು ಕೋಣೆಯ ಬಾಗಿಲು ತೆಗೆಸಿದರು. ಅಲ್ಲಿ ಜಂತಿಯಿಂದ ತಂತಿಗಳು ಇಳಿಬಿದ್ದಿದ್ದವು. ಪ್ರತಿ ತಂತಿಗೂ ಒಂದೊಂದು ವರ್ಷದ ಟಪಾಲು ಚುಚ್ಚಿ ಏರಿಸಿತ್ತು.

"ಮನೀಗೆ ಬಂದಿದ್ದರ ನಮ್ಮ ಅಜ್ಜಿ ಆವತ್ತೇ ಹರದು ಒಗೀತಿದ್ಲು," ಎಂದರು ಬಸವರಾಜಪ್ಪ. "ಮಿಲ್ಲಿಗೆ ಬಂದದ್ದು ಟಪಾಲು ಆತು. ಟಪಾಲು ಹರದರ ಅಜ್ಜ ಗುಮಾಸ್ತನ್ನ ಬಿಡ್ತಿದ್ದಿಲ್ಲ. ನೋಡ್ರಿ, ಕುಂದ್ರಿ. ಇಲಿ ಬಿಟ್ಟಿದ್ದರ ನಿಮ್ಮ ಪುಣ್ಯ."

ಎರಡು ದಿನ ಹೋದೆವು. ತಂತಿ ಬಿಚ್ಚುವುದು, ತವುಡಿನ ಧೂಳು ಕುಂಚದಿಂದ ಬಿಡಿಸುವುದು, ತಲೆಕೆಳಗು ಮಾಡದೆ ಅದೇ ಕ್ರಮದಲ್ಲಿ ಜೋಡಿಸುವುದು ನನ್ನ ಕೆಲಸ. ಓದುವುದು ಅಕ್ಕನದು. ಇಲಿ ತಿಂದ ಕಟ್ಟುಗಳೂ ಸಿಕ್ಕವು. ಎರಡನೆಯ ದಿನ ಮೂರು ಗಂಟೆಯ ಸುಮಾರಿಗೆ, ಗೋಣಿಚೀಲದ ವ್ಯಾಪಾರಿಯ ಒಂದು ಕಾಗದದ ಕೆಳಗೆ ನೀಲಿ ಮಸಿ ಕಂಡಿತು. ಮೂಲೆ ಹರಿದಿತ್ತು. ಗುಮಾಸ್ತ ಎರಡೂ ಮಾಡಿದ್ದ, ಪದ್ಧತಿಗೆಂದು ಮೂಲೆ ಹರಿದು, ಮಾಲೀಕರಿಗೆಂದು ತಂತಿಗೆ ಚುಚ್ಚಿದ್ದ. ತೂತು ಸೋಮವಾರ ಎಂಬ ಶಬ್ದದ ಮೇಲೆಯೇ ಬಿದ್ದು ಒಂದೆರಡು ಅಕ್ಷರ ಹೋಗಿದ್ದವು. ನಾನು ಅದನ್ನು ಎತ್ತಲಿಲ್ಲ. ಕೈ ಒರೆಸಿಕೊಂಡು, ಅಕ್ಕ ಇಲ್ಲಿ ನೋಡು ಎಂದೆ.

ಅವಳು ಓದಿದಳು. ನನ್ನನ್ನು ಬಾ ಎನ್ನಲಿಲ್ಲ ಎಂಬ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕಾರ್ಡನ್ನು ತಿರುಗಿಸಿ ವಿಳಾಸದ ಬದಿಯನ್ನು ನಾಲ್ಕೂ ಅಂಚು ಹಿಡಿದು ನೋಡಿದಳು. ಅಲ್ಲಿ ಬೇರೇನೂ ಇರಲಿಲ್ಲ. "ಐತಿ," ಎಂದಳು. ಬಸವರಾಜಪ್ಪನವರ ಕಡೆ ತಿರುಗಿ ಮತ್ತೊಮ್ಮೆ, "ಐತ್ರಿ," ಎಂದಳು.

ಅವರು ಆ ವರ್ಷದ ತಂತಿಯನ್ನೇ ಗ್ರಂಥಾಲಯಕ್ಕೆ ಕೊಟ್ಟರು. ಪತ್ರಿಕೆಯವರು ಕಾರ್ಡಿನ ಚಿತ್ರ ಹಾಕಿದರು. ಲೇಖನ ಬರೆದಿದ್ದವರು ಸ್ವತಃ ಬಂದು ನೋಡಿದರು. ಒಪ್ಪಿದೆ ಎನ್ನಲಿಲ್ಲ, ಆದರೆ ಹೊನ್ನೂರಮ್ಮನ ಎರಡು ಫೋಟೋ ತಮ್ಮ ಮನೆಯಲ್ಲಿವೆ, ಬೇಕಾದರೆ ಕೊಡುತ್ತೇನೆ ಎಂದು ಹೇಳಿ ಹೋದರು. ಅವು ಈಗ ಪುಸ್ತಕದಲ್ಲಿವೆ. ಪುಸ್ತಕ ಅಚ್ಚಿಗೆ ಹೋಗಿದೆ. ಅಕ್ಕ ಕರಡು ತಿದ್ದುತ್ತಿದ್ದಾಳೆ, ದಿನಕ್ಕೆ ಎರಡು ಸಲ ನನಗೆ ಫೋನು ಮಾಡಿ ಹಳೆಯ ಅಕ್ಷರ ಓದಿಸುತ್ತಾಳೆ. ಕ್ಷಮಿಸಿದೆ ಎಂಬ ಮಾತನ್ನು ಅವಳು ಆಡಿಲ್ಲ. ನಾನು ಕೇಳಿಯೂ ಇಲ್ಲ.

ಹೊಸದಾಗಿ ಸೇರಿದವರಿಗೆ ಒಂದು ಕೆಲಸದ ಮಾತು. ಕೋಣೆಯಿಂದ ಏನಾದರೂ ಹೋಗಿದ್ದರೆ, ಅದು ಇದ್ದ ಜಾಗದಲ್ಲಿ ಒಂದು ಚೀಟಿ ಇಡಬೇಕು. ಏನಿತ್ತು, ಯಾಕೆ ಇಲ್ಲ, ಯಾರಿಂದ ಹೋಯಿತು ಎಂದು ಅದರಲ್ಲಿರಬೇಕು. ಖಾಲಿ ಜಾಗ ಸುಮ್ಮನೆ ಬಿಟ್ಟರೆ ಮುಂದೆ ಬಂದವರು ಕೊಟ್ಟವರನ್ನೇ ಅನುಮಾನಿಸುತ್ತಾರೆ. ಈ ನಿಯಮ ನನಗೆ ಮೊದಲಿನಿಂದ ಗೊತ್ತಿತ್ತು. ಬೇರೆಯವರ ಕಾಗದಗಳಿಗೆ ಎಷ್ಟೋ ಚೀಟಿ ಬರೆದಿದ್ದೇನೆ.

ಹತ್ತೊಂಬತ್ತನೆಯ ಡಬ್ಬಿಗೆ ಇಡಬೇಕಾದ ಚೀಟಿಯನ್ನು ಹೋದ ವಾರ ಬರೆದೆ. ಹುಸೇನಪ್ಪನ ಕಾರ್ಡು ಇಲ್ಲಿತ್ತು, ನಿಯಮ ಮೀರಿ ಮನೆಗೆ ಒಯ್ದು, ಸಾವಿನ ಕಾಗದವೆಂದು ಹೆದರಿ ಹರಿದು ಕಾಲುವೆಗೆ ಬಿಟ್ಟೆ, ಹಲವು ವರ್ಷ ಮುಚ್ಚಿಟ್ಟೆ ಎಂದು ಬರೆದು, ಕೆಳಗೆ ಹೆಸರು ಹಾಕಿ, ಒಳಗೆ ಇಡುವ ಮೊದಲು ಅಕ್ಕನಿಗೆ ತೋರಿಸಲು ಒಯ್ದೆ. ಹೆಸರು ಬೇಡ, ಸಿಬ್ಬಂದಿ ಎಂದಷ್ಟೇ ಇರಲಿ ಎಂದು ಅವಳು ಹೇಳಬಹುದೇನೋ ಎಂಬ ಒಂದು ಸಣ್ಣ ಆಸೆ ನನಗೆ ಇದ್ದದ್ದು ನಿಜ. ಅವಳು ಹಾಗೆ ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಚೀಟಿಯನ್ನು ತಿರುಗಿಸಿ ಹಿಂದುಗಡೆಯನ್ನೂ ನೋಡಿದಳು. ಮತ್ತೆ ಈ ಕಡೆ ತಿರುಗಿಸಿ, ನನ್ನ ಹೆಸರಿನ ಕೆಳಗೆ ತನ್ನ ಗುಂಡು ಅಕ್ಷರದಲ್ಲಿ ಬರೆದಳು:

"ಹರಿಯುವ ಮುಂಚೆ ಇವನು ಅದನ್ನು ಕೊನೆಯ ಸಾಲಿನವರೆಗೆ ಓದಿದ್ದ. ನಾನು ಓದಿರಲಿಲ್ಲ. ನೀಲಮ್ಮ."